ಮಾದರಿ ತಾಯಿಯ ಸನ್ಮಾನಕ್ಕೆ ನಾನು ಬರುವುದಿಲ್ಲ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಮುಂದಿನ ತಿಂಗಳ ಸಮಾರಂಭದಲ್ಲಿ ‘ಮಾದರಿ ಹೋಮ್‌ಸ್ಕೂಲಿಂಗ್ ತಾಯಿ’ ಎಂದು ನನಗೆ ಶಾಲು ಹೊದಿಸುವುದಾಗಿ ನಿಮ್ಮ ಕಚೇರಿಯಿಂದ ಫೋನ್ ಬಂದಿತ್ತು. ನಾನು ಬರುವುದಿಲ್ಲ. ನಾನು ಹೋಮ್‌ಸ್ಕೂಲಿಂಗ್ ಮಾಡಿದವಳಲ್ಲ. ನನ್ನ ಮಗಳು ಸ್ನೇಹಲ್ ನಿಮ್ಮದೇ ಕನ್ನಡ ಶಾಲೆಯ ವಿದ್ಯಾರ್ಥಿನಿ. ಅವಳು ಫೆಬ್ರವರಿಯಲ್ಲಿ ತೀರಿಕೊಂಡಳು. ಫೋನ್ ಮಾಡಿದವರಿಗೆ ಅದು ಗೊತ್ತಿರಲಿಲ್ಲ. “ಮಗಳನ್ನೂ ಕರಕೊಂಡು ಬನ್ನಿ, ಫೋಟೋ ಚೆನ್ನಾಗಿ ಬರುತ್ತೆ” ಎಂದರು. ನಾನು ಆಯಿತು ಎಂದು ಫೋನ್ ಇಟ್ಟೆ. ಆಮೇಲೆ ಎಷ್ಟೋ ಹೊತ್ತು ಒಂದೇ ಪಾತ್ರೆ ತಿಕ್ಕುತ್ತಿದ್ದೆ.

ನಾನು ಏಳನೆಯವರೆಗೆ ಓದಿದವಳು. ಡೈರಿ ಬಿಟ್ಟರೆ ಏನೂ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ. ನಿಮಗೆ ಕನ್ನಡ ಬಾರದು ಎಂದು ಬಲ್ಲೆ. ಫೋನ್ ಮಾಡಿದವರು ಚೆನ್ನಾಗಿ ಕನ್ನಡ ಮಾತಾಡಿದರು, ಅವರೇ ಓದಿ ಹೇಳಲಿ.

ಸ್ನೇಹಲ್‌ಗೆ ಹೃದಯದ ಕಾಯಿಲೆ. ಅವಳ ವರ್ಗ ಇದ್ದದ್ದು ಮೂರನೇ ಮಾಳಿಗೆಯಲ್ಲಿ. ಮೆಟ್ಟಿಲು ಹತ್ತಲಾಗದೆ ಶಾಲೆ ತಪ್ಪಿದಾಗ ನಿಮ್ಮ ಇಲಾಖೆಯೇ ನಮ್ಮನ್ನು ಹುಡುಕಿಕೊಂಡು ಬಂತು. ಮಗು ಶಾಲೆಗೆ ಬರಲಾಗದಿದ್ದರೆ ಶಾಲೆಯೇ ಮನೆಗೆ ಬರುತ್ತದೆ ಎಂಬ ಸರ್ಕಾರದ ಕಾರ್ಯಕ್ರಮವದು. ಪ್ರತಿ ಗುರುವಾರ ಶೈಲಾ ಟೀಚರ್ ದಹಿಸರ್‌ನ ನಮ್ಮ ಚಾಳಿನ ಒಂದು ಕೋಣೆಯ ಮನೆಗೆ ಬರುತ್ತಿದ್ದರು. ತಿಂಗಳಿಗೊಮ್ಮೆ ಪಾಲಕರಿಗೆ ಶಾಲೆಯಲ್ಲಿ ತರಬೇತಿ. ಉಳಿದ ದಿನ ಮನೆಯಲ್ಲಿ ಹೇಗೆ ಓದಿಸಬೇಕೆಂದು ಅಲ್ಲೇ ನನಗೆ ಕಲಿಸಿದರು. ಅದಕ್ಕೆ ಇವತ್ತಿಗೂ ನಾನು ಋಣಿ.

ವರ್ಗದಲ್ಲಿ ಹಾಜರಿ ಕರೆಯುವಾಗ ಸ್ನೇಹಲ್ ಹೆಸರು ಬಂದರೆ ಮಕ್ಕಳೆಲ್ಲ ಒಟ್ಟಿಗೆ “ಮನೆಯಲ್ಲಿ ಹಾಜರ್” ಎನ್ನುತ್ತಿದ್ದರಂತೆ. ಟೀಚರ್ ಬಂದು ಹೇಳಿದ್ದು. ಗುರುವಾರ ಬಂತೆಂದರೆ ಅವಳು ಯೂನಿಫಾರ್ಮ್ ಹಾಕಿಕೊಂಡು ಹಾಸಿಗೆಯ ಮೇಲೆ ನೆಟ್ಟಗೆ ಕೂರುತ್ತಿದ್ದಳು. ತನ್ನ ಜಾಗದಲ್ಲಿ ಈಗ ಯಾರು ಕೂರುತ್ತಾರೆ, ಯಾರಿಗೆ ಬೈಗುಳ ಬಿತ್ತು, ಎಲ್ಲ ಕೇಳಿಕೊಂಡ ಮೇಲೆಯೇ ಪಾಠ.

ಒಂದು ಗುರುವಾರ ನೀವೇ ತಪಾಸಣೆಗೆ ಬಂದಿರಿ. ಟೀಚರ್ ತಲುಪುವುದು ತಡವಾಗಿತ್ತು. ನಾನು ಅವರೆಕಾಳು ಹರಡಿಕೊಂಡು ಬಿಡಿ, ಹತ್ತು, ನೂರು ಹೇಳಿಕೊಡುತ್ತಿದ್ದೆ. ನೀವು ಬಹಳ ಮೆಚ್ಚಿದಿರಿ. “ವಾಹ್, ಯೇ ತೋ ಹೋಮ್‌ಸ್ಕೂಲಿಂಗ್ ಹೋ ಗಯಾ” ಎಂದಿರಿ. ನಾನು ಚಹಾ ಕೊಟ್ಟೆ. ನೀವು ಹೋದ ಮೇಲೆ ನನ್ನ ಗಂಡ, ಹೆಸರು ಶ್ರೀಮಂತ, ಸೆಂಟ್ರಿಂಗ್ ಕೆಲಸದವರು, ನಕ್ಕರು. “ಸಾಹೇಬ್ರು ಇಷ್ಟು ಹೊಗಳಾಕತ್ತಾರಂದ್ರ ಏನೋ ಕಸಗೊಳ್ಳಾಕ ಬಂದಾರ, ನೋಡ್ಕೋತಿರು.” ಎಲ್ಲದರಲ್ಲೂ ಹುಳುಕು ಹುಡುಕ್ತೀರಿ ಎಂದು ನಾನು ಅವರನ್ನು ಬೈದೆ.

ಮುಂದಿನ ತಿಂಗಳು ಟೀಚರ್ ಬರುವುದು ನಿಂತಿತು. ತಾಯಿ ಸಮರ್ಥಳಿದ್ದಾಳೆ, ಮಗು ಹೋಮ್‌ಸ್ಕೂಲಿಂಗ್‌ನಲ್ಲಿದೆ, ಶಿಕ್ಷಕರ ಭೇಟಿಯ ಅಗತ್ಯವಿಲ್ಲ ಎಂದು ನೀವು ತೀರ್ಮಾನಿಸಿದಿರಂತೆ. ಹಾಜರಿಯಿಂದ ಹೆಸರೂ ಹೋಯಿತು. ಎಷ್ಟು ಸುಲಭ ನೋಡಿ. ನೀವೇ ಕಲಿಸಿದಿರಿ, ನಾನು ಕಲಿತೆ, ಕಲಿತದ್ದೇ ತಪ್ಪಾಯಿತು. ಆ ದಿನ ನಾನು ತೂಕಡಿಸುತ್ತ ಕೂತಿದ್ದರೆ ಟೀಚರ್ ಉಳಿಯುತ್ತಿದ್ದರೇ?

ನಾನು ಇದನ್ನು ಮಗಳಿಗೆ ಹೇಳಲಿಲ್ಲ. ಟೀಚರ್‌ಗೆ ಜ್ವರ ಎಂದೆ. ಆಮೇಲೆ ಪರೀಕ್ಷೆ ಎಂದೆ. ನಾನೇ ಓದಿಸುತ್ತೇನೆ ಬಾ ಎಂದರೆ, “ಅವ್ವಾ, ನೀ ಸಾಲಿ ಅಲ್ಲ. ನೀ ತಪ್ಪಾದ್ರೂ ಶಾಬಾಸ್ ಅಂತಿ. ಟೀಚರ್ ಐಸಾ ನಹೀಂ ಬೋಲ್ತೀ” ಎನ್ನುತ್ತಿದ್ದಳು. ನಿಜವೇ. ಕಾಯಿಲೆಯ ಮಗುವಿಗೆ ತಪ್ಪು ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಅವಳಿಗೆ ತಪ್ಪು ಎನ್ನುವವರೊಬ್ಬರು ಬೇಕಾಗಿತ್ತು. ಗುರುವಾರ ಯೂನಿಫಾರ್ಮ್ ಹಾಕಿಕೊಳ್ಳುವುದನ್ನು ಅವಳೇ ಬಿಟ್ಟಳು. ಅವಳ ಸಾವಿಗೆ ನೀವು ಕಾರಣ ಎಂದು ನಾನು ಹೇಳುತ್ತಿಲ್ಲ. ಅದು ಹೃದಯದ ಕಾಯಿಲೆ, ಡಾಕ್ಟರು ಮೊದಲೇ ಹೇಳಿದ್ದರು. ಸಾಯುವಾಗ ಅವಳು ಯಾವ ಶಾಲೆಯ ಹುಡುಗಿಯೂ ಆಗಿರಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ನಿಜವಾದ ಹೋಮ್‌ಸ್ಕೂಲಿಂಗ್ ಹೇಗಿರುತ್ತದೆ ಎಂದು ಈಗ ನೋಡಿದ್ದೇನೆ. ಸಾಂತಾಕ್ರೂಜ್‌ನಲ್ಲಿ ನಾನು ಅಡುಗೆ ಮಾಡುವ ಮನೆಯ ನಿಶಾ ಮೇಡಂ ತಮ್ಮ ಮಗನನ್ನು ಮನೆಯಲ್ಲೇ ಓದಿಸುತ್ತಾರೆ. ಗಟ್ಟಿಯಾಗಿರುವ ಹುಡುಗ, ಲಿಫ್ಟ್ ಬಿಟ್ಟು ಮೆಟ್ಟಿಲು ಹಾರಿಕೊಂಡು ಬರುತ್ತಾನೆ. ಯಾಕೆ ಶಾಲೆಗೆ ಕಳಿಸುವುದಿಲ್ಲ ಎಂದು ಕೇಳಿದೆ. “ನಾವೇ ಬೇಡ ಅಂತ ಬಿಟ್ಟದ್ದು, ಮಲ್ಲಕ್ಕ. ಏನು ಓದಿಸಬೇಕು, ಯಾವಾಗ ಪರೀಕ್ಷೆ, ಎಲ್ಲ ನಮ್ಮದೇ. ಶಾಲೆಯವರು ಮನೆಗೆ ಬರೋದು ಇಷ್ಟವಿಲ್ಲ” ಎಂದು ಹಿಂದಿಯಲ್ಲಿ ಹೇಳಿದರು. ಅವರದು ಅವರ ಇಷ್ಟ, ನನಗೆ ತಕರಾರಿಲ್ಲ. ಆದರೆ ಶಾಲೆ ಬೇಡವೆಂದವರನ್ನೂ ಶಾಲೆಗಾಗಿ ಬಾಗಿಲು ನೋಡುತ್ತ ಕೂತವರನ್ನೂ ಒಂದೇ ಹೆಸರಿನಿಂದ ಕರೆಯಲು ನಿಮಗೆ ಹೇಗೆ ಮನಸ್ಸಾಯಿತು? ಎರಡೂ ಕಡೆ ಮಗು ಮನೆಯಲ್ಲೇ ಇತ್ತು ಎಂತಲೇ? ಹಾಗಾದರೆ ಆಸ್ಪತ್ರೆಯಲ್ಲಿ ಮಲಗಿದವರನ್ನು ಪ್ರವಾಸಕ್ಕೆ ಹೋದವರು ಎನ್ನಬಹುದು. ಅವರೂ ಮನೆಯಲ್ಲಿರುವುದಿಲ್ಲ.

ನನ್ನ ಮಗಳ ಮಾತು ಮುಗಿಯಿತು. ನಾನು ಬರೆಯುತ್ತಿರುವುದು ಯಕ್ಷಿತಾಳಿಗಾಗಿ. ನಮ್ಮ ಚಾಳಿನ ಹಿಂದಿನ ಗಲ್ಲಿಯ ಹುಡುಗಿ, ಹುಟ್ಟಿದಾಗಿನಿಂದ ಕಾಲು ಸ್ವಾಧೀನವಿಲ್ಲ. ಅಪ್ಪ ಕಾಂತಪ್ಪಣ್ಣ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ದೋಸೆ ಹಾಕುತ್ತಾರೆ, ಮನೆಗೆ ಬರುವಾಗ ಮಗು ಮಲಗಿರುತ್ತದೆ. ಅಮ್ಮ ವಿನೋದಿನಿಗೆ ಓದು ಬಾರದು. ಶೈಲಾ ಟೀಚರ್ ಬರುತ್ತಿದ್ದ ಇನ್ನೊಂದು ಮನೆ ಅದು. ಈ ಜೂನ್‌ನಿಂದ ಅಲ್ಲಿಗೂ ಬರುವುದನ್ನು ನಿಲ್ಲಿಸಿದ್ದೀರಿ. ಕೇಳಲು ಹೋದ ವಿನೋದಿನಿಗೆ ನಿಮ್ಮವರು ಹೇಳಿದ್ದು, “ಮಲ್ಲಕ್ಕ ಮಾಡಲಿಲ್ಲವೇ? ನೀವೂ ಮಾಡಿ.”

ನನ್ನ ಶಾಲು ಯಾತಕ್ಕೆಂದು ಆಗ ತಿಳಿಯಿತು.

ಆದ್ದರಿಂದ ಕೇಳುತ್ತೇನೆ. ಸಮಾರಂಭದಿಂದ ನನ್ನ ಹೆಸರು ತೆಗೆಯಿರಿ. ಇನ್ನೊಬ್ಬ ತಾಯಿಯ ಬಾಯಿ ಮುಚ್ಚಿಸಲು ನನ್ನ ಹೆಸರು ಹೇಳಬೇಡಿ. ಯಕ್ಷಿತಾಳ ಮನೆಗೆ ಮೊದಲಿನಂತೆ ಟೀಚರನ್ನು ಕಳಿಸಿ.

ಅಲ್ಲಿಯವರೆಗೆ ನೀವು ಓದಿಸಬಹುದಲ್ಲ ಎಂದು ನೀವು ಕೇಳಬಹುದು. ವಿನೋದಿನಿಯೂ ಕೇಳಿದರು. “ಒಂದು ಗಂಟೆ ಬನ್ನಿಯಕ್ಕ, ನಿಮಗೆ ಬರ್ತದಲ್ಲ.” ಬರುತ್ತದೆ. ಆದರೆ ನಾನು ಹೋಗಿ ಕೂತರೆ, ವ್ಯವಸ್ಥೆ ಆಗಿದೆ ಎಂದು ನೀವು ಬರೆದುಕೊಳ್ಳುತ್ತೀರಿ, ಆಮೇಲೆ ಆ ಮನೆಗೆ ಟೀಚರ್ ಎಂದೂ ಬರುವುದಿಲ್ಲ. ಆಗುವುದಿಲ್ಲ ಎಂದುಬಿಟ್ಟೆ. ಸ್ಟೇಷನ್‌ಗೆ ಹೋಗುವಾಗ ಅವರ ಬಾಗಿಲ ಮುಂದೆಯೇ ದಾರಿ. ನನ್ನನ್ನು ಕಂಡರೆ ಆ ಹುಡುಗಿ ಪುಸ್ತಕ ತೆರೆಯುತ್ತಾಳೆ. ನಾನು ಊಟ ಆಯ್ತಾ ಎಂದು ಕೇಳಿ ಮುಂದೆ ಹೋಗುತ್ತೇನೆ. ಇದನ್ನು ನನ್ನಿಂದ ಹೆಚ್ಚು ದಿನ ಮಾಡಿಸಬೇಡಿ.

ಇಂತಿ,
ಯಾರಿಗೂ ಮಾದರಿಯಲ್ಲದ
ಮಲ್ಲಕ್ಕ, ದಹಿಸರ್