ಖಜಾನೆ ಕಿಟಕಿಯ ಮುಂದೆ ಮದ್ದಿನವಳು

ಮನೆಯಿಂದ, ಕಿಟಕಿ ಪಕ್ಕದ ಮೇಜು
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮಗಳೇ, ನನ್ನ ಚಿನಕುರುಳಿ,

ಹೇಗಿದ್ದೀಯೇ? ಇಂಜಿನ್ ರೂಮಿನ ಸೆಕೆಗೆ ಬೆನ್ನೆಲ್ಲ ಬೆವರುಸಾಲೆ ಎದ್ದಿದೆ ಅಂತ ಬರೆದಿದ್ದೆಯಲ್ಲ, ಈಗ ಇಳಿಯಿತಾ? ಸ್ಪ್ಯಾನರ್ ಬಿದ್ದು ಕಿತ್ತುಹೋದ ಕಾಲ್ಬೆರಳಿನ ಉಗುರು ಮತ್ತೆ ಬಂತಾ? ಇಡೀ ಹಡಗಿಗೆ ಹೆಂಗಸು ಫಿಟ್ಟರ್ ನೀನೊಬ್ಬಳೇ ಅಂತ ಯಾರಾದರೂ ಹಲ್ಲು ಕಿರಿದರೆ ಆ ಸ್ಪ್ಯಾನರ್ ಕೈಯಲ್ಲೇ ಇರಲಿ, ಕೆಳಗಿಡಬೇಡ. ನಾನು ಗಟ್ಟಿಯಾಗಿದ್ದೇನೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ವರ್ಷಗಟ್ಟಲೆ ಒದ್ದೆ ಚಾದರ ಹಿಂಡಿದ ಮಣಿಕಟ್ಟು ಚಳಿಗೆ ಸ್ವಲ್ಪ ಮುನಿಸಿಕೊಳ್ಳುತ್ತದೆ, ಅಷ್ಟೇ. ನಿಮ್ಮಪ್ಪ ಊಟದ ಹೊತ್ತಿನವರೆಗೆ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಾರೆ, ಆಮೇಲೆ ಮನೆಗೆ ಬಂದು ನನ್ನ ರಿಪೇರಿಗೆ ಕೂರುತ್ತಾರೆ. ನೀನು ಕಳಿಸಿದ ಹಣ ಬಂತು. ಅದರ ಮಾತು ಕೊನೆಗೆ.

ಮೊದಲು ನಿನ್ನ ಕಂಪ್ಯೂಟರ್ ಗೇಮಿನ ಸುದ್ದಿ. ಹಡಗು ಹತ್ತುವ ದಿನ ನನ್ನ ಕೈಗೆ ಪಾಸ್‌ವರ್ಡ್ ಕೊಟ್ಟು, ದಿನಕ್ಕೊಮ್ಮೆ ಒಳಗೆ ಹೋಗು, ದಿನದ ಬುತ್ತಿ ತೆಗೆದುಕೋ, ಬೇರೇನೂ ಮುಟ್ಟಬೇಡ ಅಂದಿದ್ದೆ. ಮುಟ್ಟಬೇಡ ಅಂದದ್ದನ್ನೇ ಮುಟ್ಟುವುದು ನನ್ನ ಹುಟ್ಟುಗುಣ, ನಿನಗೆ ಗೊತ್ತಿಲ್ಲದ್ದೇ? ಮೊದಲ ವಾರವೇ ನಿನ್ನ ಬಿಲ್ಲುಗಾತಿಯನ್ನು ಸೇತುವೆ ಮೇಲಿಂದ ಹೊಳೆಗೆ ಕೆಡವಿದೆ. ಕಮ್ಮಾರನ ಸುತ್ತಿಗೆಗೆ ಎಷ್ಟು ಬಂದೀತು ನೋಡೋಣ ಅಂತ ಗುಂಡಿ ಒತ್ತಿದೆ, ಅದು ಮಾರಾಟವಾಗೇ ಹೋಯಿತು. ಹೋಗಲಿ ಬಿಡು, ಹಿಡಿ ಸವೆದಿತ್ತು. ನಿಮ್ಮಪ್ಪ ಹಿಂದೆ ನಿಂತು, ನೀನು ಮೌಸು ಹಿಡಿಯುವುದು ನೋಡಿದರೆ ಅದಕ್ಕೇ ಒಗೆಸಿಕೊಂಡ ಹಾಗಾಗುತ್ತೆ ಅಂತ ನಕ್ಕರು. ನಗಲಿ. ಕಲಿತೆ.

ಕಲಿತ ಮೇಲೆ ಕಣ್ಣಿಗೆ ಬಿದ್ದದ್ದು ಅಲ್ಲಿನ ಅನ್ಯಾಯ. ನಿನಗೆ ಅಲ್ಲಿ ನಾಲ್ಕು ಪಾತ್ರಗಳು: ಬಿಲ್ಲುಗಾತಿ, ಕಮ್ಮಾರ, ಕಳ್ಳಿ, ಗಾಯ ವಾಸಿ ಮಾಡುವ ಮದ್ದಿನವಳು. ಹುಟ್ಟಿಸಿದವಳು ನೀನೊಬ್ಬಳೇ, ಆದರೆ ನಾಲ್ವರಿಗೆ ನಾಲ್ಕು ಜೇಬು. ಬಿಲ್ಲುಗಾತಿಯ ಚೀಲದಲ್ಲಿ ಆ ಗೇಮಿನ ದುಡ್ಡು, ಕೋಟೆಕಾಸು, ತುಂಬಿ ತುಳುಕುತ್ತಿದೆ, ಅವಳಿಗೆ ಕೊಳ್ಳಲು ಏನೂ ಉಳಿದಿಲ್ಲ. ಮದ್ದಿನವಳ ಚೀಲ ಬರಿದು, ಮೈಮೇಲೆ ಹರುಕು ಅಂಗಿ. ಅಕ್ಕ ಉಂಡು ತೇಗುತ್ತಿದ್ದರೂ ಆ ಕಾಸು ತಂಗಿಯ ಕೈಗೆ ದಾಟುವಂತಿಲ್ಲ. ಇದು ಯಾವ ಮನೆಯ ಕಾನೂನು? ಸಾಲದ್ದಕ್ಕೆ, ಕೋಟೆಕಾಸು ಬೀಳುವುದು ಕೊನೆಯ ಏಟು ಹೊಡೆದವರ ಕೈಗೆ. ಏಟು ತಿಂದವರನ್ನೆಲ್ಲ ಎತ್ತಿ ನಿಲ್ಲಿಸುವವಳಿಗೆ ಚಿಲ್ಲರೆ. ನೋಡುತ್ತಾ ಕೂತವಳಿಗೆ ಲಾಂಡ್ರಿಯ ಆವಿಯೇ ಮೂಗಿಗೆ ಬಡಿದಂತಾಯಿತು. ಆಪರೇಷನ್ ಮಾಡಿದವರ ಹೆಸರು ಗೋಡೆಯ ಫಲಕದ ಮೇಲೆ. ರಕ್ತದ ಚಾದರ ಒಗೆದವರ ಹೆಸರು ಹಾಜರಿಯಲ್ಲೂ ತಪ್ಪುತಪ್ಪಾಗಿ.

ನೀನು ನನಗೆ ಒಪ್ಪಿಸಿ ಹೋದ ಕೆಲಸ ಒಂದೇ ಇತ್ತು. ಫೆಬ್ರವರಿ ಮುಗಿಯುವುದರೊಳಗೆ ಮದ್ದಿನವಳಿಗೆ ಆ ಬೂದು ನಿಲುವಂಗಿ ಕೊಡಿಸಬೇಕು. ಇಲ್ಲದಿದ್ದರೆ ದೊಡ್ಡ ಕೋಟೆಗೆ ನುಗ್ಗುವ ದಿನ ನಿನ್ನ ತಂಡ ಬೇರೆ ಮದ್ದಿನವರನ್ನು ಕರೆದುಕೊಳ್ಳುತ್ತದೆ. ಆ ಜಾಗಕ್ಕಾಗಿ ನೀನು ಪಟ್ಟ ಪಾಡು ನಾನು ಕಂಡಿದ್ದೇನೆ. ವರ್ಕ್‌ಶಾಪಿನಿಂದ ಬಂದು, ಗ್ರೀಸಿನ ಕೈ ತೊಳೆದು, ಊಟದ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆಯಲ್ಲ. ಅದನ್ನು ನಾನು ಕಳೆದುಬಿಟ್ಟರೆ ಯಾವ ಮುಖ ಹೊತ್ತು ಬಂದರಿಗೆ ನಿನ್ನನ್ನು ಕರೆತರಲು ಬರಲಿ?

ಅಷ್ಟರಲ್ಲಿ ಗೇಮಿನ ಕಂಪನಿ ಡಂಗುರ ಸಾರಿತು. ಇನ್ನು ಮುಂದೆ ಒಂದೇ ಅಕೌಂಟಿನ ಪಾತ್ರಗಳು ತಮ್ಮತಮ್ಮಲ್ಲಿ ಕೋಟೆಕಾಸು ಹಂಚಿಕೊಳ್ಳಬಹುದಂತೆ. ನಗರದ ಖಜಾನೆಗೆ ಹೋಗಿ ಕಿಟಕಿಯಲ್ಲಿ ಕೊಟ್ಟರೆ ಸಾಕಂತೆ. ತಂಡದವರೆಲ್ಲ ಹೆಡ್‌ಫೋನಿನಲ್ಲಿ ಕೇಕೆ ಹಾಕಿದರು. ನಾನೂ ಕುಣಿದೆ. ಬಿಲ್ಲುಗಾತಿಯನ್ನು ದರದರ ಎಳೆದುಕೊಂಡು ಕಿಟಕಿಗೆ ಹೋದೆ. ನೋಡುತ್ತೇನೆ, ಐದು ಕಾಸು ಕೊಟ್ಟರೆ ಮದ್ದಿನವಳಿಗೆ ಸೇರುವುದು ನಾಲ್ಕು. ಐದನೆಯದಕ್ಕೆ ಅವರಿಟ್ಟ ಹೆಸರು ‘ಸಾಗಣೆಯ ಸವೆತ’. ಕಾಸೇನು ಸೋಪೇ, ಸವೆಯೋಕೆ? ಅದರ ಕೆಳಗೇ ಇನ್ನೊಂದು ಗುಂಡಿ: ಸವೆತ ಬೇಡವಾದರೆ ನಿಜವಾದ ದುಡ್ಡು ಕೊಟ್ಟು ಚೀಟಿ ಕೊಳ್ಳಿ. ತಿಳಿಯಿತಾ? ತೂತು ಕೊರೆದವರೂ ಅವರೇ, ಬೆಣೆ ಮಾರುವವರೂ ಅವರೇ. ಬಿಲ್ಲುಗಾತಿಯ ಚೀಲವನ್ನು ಪೂರ್ತಿ ಸುರಿದರೂ, ಆ ಸವೆತ ಕಳೆದರೆ ನಿಲುವಂಗಿಗೆ ಸಾಲದು.

ನಿಮ್ಮಪ್ಪ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. ಒಂದು ಚೀಟಿ ತಾನೇ, ಮಗಳ ಜಾಗ ಉಳಿಯುತ್ತೆ ಅಂದರು. ನಿಮ್ಮ ತಂಡದ ನಾಯಕರು, ಆ ಹಲ್ಲಿನ ಡಾಕ್ಟರು, ಗುರಾಣಿ ಹಿಡಿದು ಎಲ್ಲರಿಗಿಂತ ಮುಂದೆ ನಿಲ್ಲುವವರು, ಅವರೂ ಅದನ್ನೇ ಹೇಳಿದರು. ಪಾಪ, ಒಳ್ಳೆಯ ಮನುಷ್ಯ. ಆದರೆ ಜೊತೆಗೆ ಒಂದು ಮಾತು ಸೇರಿಸಿದರು ನೋಡು, ಅಲ್ಲೇ ಕೆಟ್ಟಿತು:

“ಅದು ಹಾಗೇ ಇರೋದು ಅಮ್ಮ.”

ಆ ಮಾತು ನನಗೆ ಹೊಸದಲ್ಲ ಕಣೇ. ನಮ್ಮ ಲಾಂಡ್ರಿಯ ಕಂಟ್ರಾಕ್ಟರ್ ಸೋಪಿನ ಖರ್ಚು ಅಂತ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದ. ಆಸ್ಪತ್ರೆಯ ಚಾದರಕ್ಕೆ ನಮ್ಮ ಕೂಲಿಯಿಂದ ಸೋಪು. ಯಾಕಪ್ಪಾ ಅಂದರೆ, ಅದು ಹಾಗೇ ಇರೋದು. ಬಾಯ್ಲರ್ ರೂಮಿನ ಬಾಗಿಲಿಗೆ ಅಡ್ಡ ಕೂತೆವು. ಕೊಳೆ ಚಾದರ ಸೂರಿನವರೆಗೆ ಬೆಳೆಯಿತು. ಆಗ ನೀನು ನನ್ನ ಮಡಿಲಲ್ಲಿದ್ದೆ, ಮನೆಗೆ ಹೋಗೋಣ ಅಂತ ಒಮ್ಮೆಯೂ ರಾಗ ಎಳೆಯಲಿಲ್ಲ. ಸೋಪಿನ ಮುರಿತ ನಿಂತಿತು, ನನಗೆ ‘ಬಜಾರಿ’ ಅಂತ ಹೆಸರು ಬಂತು. ಆ ಹೆಸರನ್ನು ನಾನು ಪದಕದ ಹಾಗೆ ಹಾಕಿಕೊಂಡು ತಿರುಗಿದವಳು. ಅಂಥವಳು ಈಗ ಚೀಟಿ ಕೊಳ್ಳಬೇಕೇ? ಕಾರ್ಡನ್ನು ನಿಮ್ಮಪ್ಪನ ಜೇಬಿಗೇ ತುರುಕಿದೆ.

ನನಗೆ ಕತ್ತಿ ಬೀಸಲು ಬರದು, ಮಂತ್ರ ಹಾಕಲು ತಡವರಿಕೆ. ಆದರೆ ಒಂದು ಗುಂಡಿ ಚೆನ್ನಾಗಿ ಬರುತ್ತಿತ್ತು, ಕಾಫಿ ಲೋಟಕ್ಕೆ ಕೈ ಚಾಚುವಾಗ ಮೊಣಕೈ ತಗುಲಿ ಕಲಿತದ್ದು. ಅದನ್ನು ಒತ್ತಿದರೆ ಪಾತ್ರ ನೆಲದ ಮೇಲೆ ಕೂರುತ್ತದೆ. ಮದ್ದಿನವಳನ್ನು ಖಜಾನೆಯ ಬಾಗಿಲಿಗೆ ಅಡ್ಡವಾಗಿ, ಕಿಟಕಿಗೆ ಮುಖ ಮಾಡಿ ಕೂರಿಸಿದೆ. ಎಲ್ಲರಿಗೂ ಕಾಣುವಂತೆ ಚಾಟಿನಲ್ಲಿ ಬರೆದೆ: ಐದನೇ ಪಾಲು ಎಲ್ಲಿ ಹೋಯ್ತು? ಬರೆದೆ, ಮತ್ತೆ ಬರೆದೆ. ಒಬ್ಬ ನನ್ನ ಸುತ್ತ ಕುಣಿದ. ಇನ್ನೊಬ್ಬ, ಯಾರದ್ದೋ ಅಜ್ಜಿ ದಾರಿ ತಪ್ಪಿದ್ದಾರೆ, ಮನೆಗೆ ಬಿಟ್ಟು ಬನ್ನಿ ಅಂತ ಬರೆದ. ನಿನ್ನ ಅಜ್ಜಿಗೂ ಒಂದು ಅಕೌಂಟು ತೆರೆದುಕೊಡು ಮಗಾ, ಜೊತೆಗಾಗುತ್ತೆ ಅಂದೆ.

ಆಮೇಲೆ ಹಲ್ಲಿನ ಡಾಕ್ಟರು ಬಂದು ಮೆಲ್ಲಗೆ ಒಂದು ವಿಷಯ ತಿಳಿಸಿದರು. ಅಮ್ಮ, ನೀವು ಬಾಗಿಲಿಗೆ ಅಡ್ಡ ಕೂತಿದ್ದೀರಿ ಅಂದುಕೊಂಡಿದ್ದೀರಿ, ಆದರೆ ಈ ಗೇಮಿನಲ್ಲಿ ಮೈಗೆ ಮೈ ತಾಗುವುದಿಲ್ಲ, ಜನ ನಿಮ್ಮೊಳಗಿಂದಲೇ ತೂರಿ ಹೋಗುತ್ತಿದ್ದಾರೆ ಅಂದರು. ಕನ್ನಡಕ ಹಾಕಿಕೊಂಡು ನೋಡಿದೆ. ಹೌದು. ಒಬ್ಬ ದಢೂತಿ ಸೈನಿಕನ ಬೂಟು ನಿನ್ನ ಮದ್ದಿನವಳ ಹೊಟ್ಟೆಯೊಳಗಿಂದ ಹೊಗೆಯಲ್ಲಿ ತೂರಿದ ಹಾಗೆ ಹೊರಬಂತು. ಇಷ್ಟು ಹೊತ್ತು ನಾನು ತಡೆದದ್ದು ಯಾರನ್ನು? ಗಾಳಿಯನ್ನು. ಎದ್ದುಬಿಡಬೇಕು ಅನ್ನಿಸಿತು. ಎದ್ದರೆ ಮತ್ತೆ ಯಾರು ಕೂರುತ್ತಾರೆ? ಅಡ್ಡಗಟ್ಟಲು ಆಗದಿದ್ದರೆ ಬೇಡ, ಕಣ್ಣಿಗೆ ಚುಚ್ಚಿದರೆ ಸಾಕು ಅಂತ ಅಲ್ಲೇ ಊರಿದೆ.

ಮರುದಿನ ನನ್ನ ಪಕ್ಕದಲ್ಲಿ ಯಾರೋ ಕೂತರು. ನೋಡಿದರೆ ನಿಮ್ಮ ತಂಡದ ಕೊಡಲಿಯಕ್ಕ, ನಮ್ಮ ಊರಿನಲ್ಲೇ ಸಿಟಿ ಬಸ್ಸು ಓಡಿಸುತ್ತಾಳಲ್ಲ, ಅವಳು. ಶಿಫ್ಟ್ ಮುಗಿಸಿ ಬಂದು, ಕೊಡಲಿ ನೆಲಕ್ಕಿಟ್ಟು, ಇಡೀ ದಿನ ಕೂತೇ ಇರ್ತೀನಿ, ಇಲ್ಲೂ ಅದೇ ಕೆಲಸ ತಾನೇ ಅಂದಳು. ಆಮೇಲೆ ಗುರುತಿಲ್ಲದವರು ಬಂದರು. ಕೊಂಬಿನವರು, ರೆಕ್ಕೆಯವರು, ಕುದುರೆಯಿಂದ ಇಳಿಯದೆಯೇ ಕೂತವನೊಬ್ಬ. ಕುಣಿದು ಅಣಕಿಸಿದ್ದವನೂ ಬಂದು ಕೂತ. ಖಜಾನೆಯ ಬೀದಿ ತುಂಬಿತು. ಜನದ ಭಾರ ತಾಳದೆ ಗೇಮೇ ತಡವರಿಸಿ, ಪರದೆಯ ಮೇಲೆ ಇಡೀ ನಗರ ತೊದಲತೊಡಗಿತು. ಬಾವುಟ ಅರ್ಧಕ್ಕೆ ನಿಂತು ಮತ್ತೆ ಹಾರುತ್ತಿತ್ತು. ಎಲ್ಲರ ತಲೆಯ ಮೇಲೂ ಅದೇ ಸಾಲು: ಐದನೇ ಪಾಲು ಎಲ್ಲಿ ಹೋಯ್ತು? ನನ್ನ ಮಗಳ ಹರುಕು ಅಂಗಿಯ ಮದ್ದಿನವಳು ಎಲ್ಲರಿಗಿಂತ ಮುಂದೆ. ಹೆಮ್ಮೆಗೆ ಎದೆ ಉಬ್ಬಿ ರವಿಕೆಯ ಗುಂಡಿ ಕಿತ್ತುಬರುವುದೊಂದು ಬಾಕಿ.

ಕಂಪನಿ ಉತ್ತರ ಕೊಡಲಿಲ್ಲ, ಅವಳನ್ನು ಎತ್ತಿ ಎಸೆಯಿತು. ಕಣ್ಣು ಮಿಟುಕಿಸುವುದರೊಳಗೆ ಮದ್ದಿನವಳು ಲೋಕದ ಆ ತುದಿಯ ಜೌಗಿನಲ್ಲಿ ಬಿದ್ದಿದ್ದಳು. ಜನಸಂಚಾರಕ್ಕೆ ಅಡ್ಡಿಯಂತೆ. ಹೊಗೆಯಂಥವಳು ಅಡ್ಡಿಯಾದದ್ದು ಹೇಗೋ? ಮತ್ತೆ ಕೂತರೆ ಅಕೌಂಟಿಗೇ ಬೀಗ, ನಾಲ್ಕೂ ಪಾತ್ರ ಮುಗಿದವು ಅಂತ ಎಚ್ಚರಿಕೆ. ಆಗ ಮಾತ್ರ ಮೌಸಿನ ಮೇಲಿಂದ ಕೈ ತೆಗೆದೆ, ಸುಳ್ಳು ಹೇಳುವುದಿಲ್ಲ. ಅದು ನನ್ನ ಗಳಿಕೆಯಲ್ಲ, ನಿನ್ನದು. ಇದು ಮಗಳದ್ದು, ಯೋಚನೆ ಮಾಡು ಅಂತ ನಿಮ್ಮಪ್ಪನೂ ಅಂದರು. ಹಡಗಿನಲ್ಲಿರುವ ನಿನಗೆ ಪತ್ರ ಹೋಗಿ ಉತ್ತರ ಬರುವವರೆಗೆ ಕಾಯುವಂತಿಲ್ಲ. ಬಾಯ್ಲರ್ ಬಾಗಿಲಲ್ಲಿ ಅಳದೆ ಕೂತಿದ್ದ ಆ ಪುಟ್ಟ ಮುಖವನ್ನೇ ಕೇಳಿದೆ. ನಡಿ ಅಂದಿತು.

ನಡೆದೆವು. ಜೌಗಿನ ತುಂಬ ಕಪ್ಪೆಮೂತಿಯ ರಾಕ್ಷಸರು. ಮದ್ದಿನವಳಿಗೆ ಹೊಡೆಯಲು ಬರದು. ಹೊಡೆಸಿಕೊಳ್ಳುತ್ತಾಳೆ, ತನ್ನ ಗಾಯಕ್ಕೆ ತಾನೇ ಮದ್ದು ಹಚ್ಚುತ್ತಾಳೆ, ಮುಂದೆ ಹೆಜ್ಜೆ ಇಡುತ್ತಾಳೆ. ಮದ್ದಿನ ಕೊನೆಯ ಗುಟುಕು ಮುಗಿದು ಇನ್ನೇನು ಬಿದ್ದಳು ಅನ್ನುವಾಗ ಅವಳ ಮುಂದೆ ಒಂದು ಗುರಾಣಿ ಬಂದು ನಿಂತಿತು. ಹಲ್ಲಿನ ಡಾಕ್ಟರು. ಯಾರ ಬಾಯಿ ತೆರೆದಿಟ್ಟು ಬಂದಿದ್ದರೋ ಏನೋ. ಏಟೆಲ್ಲ ತಾವೇ ತಿನ್ನುತ್ತಾ ಖಜಾನೆಯವರೆಗೆ ದಾರಿ ಬಿಡಿಸಿದರು. ಅಲ್ಲಿ ಗುರಾಣಿ ಕೆಳಗಿಟ್ಟು, ಜನರ ನಡುವೆ ಜಾಗ ಮಾಡಿಕೊಂಡು ಕೂತರು. ಇನ್ನು ಅದು ಹಾಗೇ ಇರೋದಿಲ್ಲ ಅಮ್ಮ ಅಂದರು. ನಾನು ಮೊಣಕೈಯನ್ನು ಆ ಗುಂಡಿಯ ಮೇಲಿಟ್ಟೆ. ಬೀಗ ಬೀಳಲಿಲ್ಲ. ಅಷ್ಟು ಜನಕ್ಕೆ ಬೀಗ ಹಾಕಿದರೆ ಅವರ ಅಂಗಡಿಗೆ ಗಿರಾಕಿ ಯಾರು?

ಹೀಗೆ ಕೂತಿರುವಾಗಲೇ ಫೆಬ್ರವರಿ ಮುಗಿಯಿತು. ನಿಲುವಂಗಿ ಬರಲಿಲ್ಲ. ನಾನೇ ತಂಡದವರಿಗೆ ಹೇಳಿದೆ, ಮಾತು ಮಾತೇ, ಬೇರೆ ಮದ್ದಿನವರನ್ನು ಕರೆದುಕೊಳ್ಳಿ ಅಂತ. ಕೊಡಲಿಯಕ್ಕ ಉಗಿದಳು. ಅಂಗಿ ನೋಡಿ ಕರ್ಕೊಂಡು ಹೋಗೋಕೆ ಇದೇನು ಮದುವೆಯಾ ಅಂದಳು. ಹರುಕು ಅಂಗಿಯಲ್ಲೇ ದೊಡ್ಡ ಕೋಟೆಗೆ ನುಗ್ಗಿದೆವು. ನಾನು ಒಂದೇ ಬೆರಳಲ್ಲಿ ಮದ್ದು ಹಾಕುತ್ತಿದ್ದೆ. ಒಮ್ಮೆ ಗಾಬರಿಯಲ್ಲಿ ಶತ್ರುವಿಗೇ ಹಾಕಿದೆನಂತೆ. ಒಳಬಾಗಿಲು ದಾಟುವುದರೊಳಗೆ ಎಲ್ಲರೂ ಸತ್ತೆವು. ಸತ್ತು ಬಿದ್ದಲ್ಲೇ ಅಷ್ಟು ನಕ್ಕೆವು. ನಿನ್ನ ಜಾಗ ನಿನ್ನದೇ, ನೀನು ಬರುವವರೆಗೆ ಕಾಯುತ್ತಾರಂತೆ.

ಮೊನ್ನೆ ಶುಕ್ರವಾರ ಕಂಪನಿ ಬಾಯಿಬಿಟ್ಟಿತು. ಸವೆತ ರದ್ದು. ಆಟಗಾರರಿಗೆ ತಮ್ಮ ಉಡುಗೊರೆ ಅಂತ ಬರೆದುಕೊಂಡಿದ್ದಾರೆ. ನಮ್ಮದನ್ನು ನಮಗೆ ಕೊಟ್ಟು ಉಡುಗೊರೆಯಂತೆ, ನಾಚಿಕೆ ಬೇಡವೇ? ಇರಲಿ, ಐದು ಕೊಟ್ಟರೆ ಐದೂ ಬರುತ್ತದೆ ಈಗ. ಬೂದು ನಿಲುವಂಗಿ ಕೊಂಡು ಮದ್ದಿನವಳ ಪೆಟ್ಟಿಗೆಯಲ್ಲಿಟ್ಟಿದ್ದೇನೆ, ತೊಡಿಸಿಲ್ಲ. ಮೊದಲು ತೊಡಿಸುವವಳು ನೀನೇ ಆಗಬೇಕು. ಇಂಥ ಮಗಳನ್ನು ಹೆತ್ತೆ, ಅವಳು ಇಂಥ ಮದ್ದಿನವಳನ್ನು ಹುಟ್ಟಿಸಿದಳು ಅಂತ ನಿಮ್ಮಪ್ಪನ ಮುಂದೆ ದಿನಕ್ಕೊಮ್ಮೆ ಜಂಬ ಕೊಚ್ಚುತ್ತೇನೆ. ಅವರು ಗಡಿಯಾರ ನೋಡಿ, ಇವತ್ತಿನದು ಆಯ್ತು ಅನ್ನುತ್ತಾರೆ.

ನೂರು ವರ್ಷ ಬಾಳು. ಸಮುದ್ರ ನಿನ್ನ ಮೇಲೆ ಮೆತ್ತಗಿರಲಿ, ನೀನು ಯಾರ ಮುಂದೆಯೂ ಮೆತ್ತಗಾಗಬೇಡ. ನಿಮ್ಮಪ್ಪನ ಆಶೀರ್ವಾದ, ಕೊಡಲಿಯಕ್ಕನ ಬೈಗುಳ, ಡಾಕ್ಟರ ನೆನಪು, ಮೂರೂ ಇದರ ಜೊತೆಗಿವೆ.

ನಿನ್ನ ಅಮ್ಮ,
ಬಜಾರಿ

ಮರೆಯುವ ಮೊದಲು: ಹಡಗಿನ ಇಮೇಲನ್ನು ಹಡಗು ಕಂಪನಿಯವರು ಓದುತ್ತಾರೆ ಅಂದಿದ್ದೆಯಲ್ಲ, ಅದಕ್ಕೇ ಕೈಬರಹ, ಅದಕ್ಕೇ ಬಂದರಿನ ನಾವಿಕರ ತಂಗುಮನೆಯ ವಿಳಾಸ. ನಿನ್ನ ಸಂಬಳ ತರಲು ಹಡಗು ಕಂಪನಿಯ ಆಫೀಸಿಗೆ ಹೋಗಿದ್ದೆ. ಕಿಟಕಿಯಲ್ಲಿ ಕೊಟ್ಟದ್ದು ನೀನು ಬರೆದದ್ದಕ್ಕಿಂತ ಕಡಿಮೆ. ಕಳಿಸುವ ಖರ್ಚಂತೆ. ನಿನ್ನ ಹಿಂದಿನ ಪತ್ರದ ತುದಿಯಲ್ಲಿ ಸಣ್ಣಕ್ಷರದಲ್ಲಿ ನೀನೇ ಬರೆದಿದ್ದೆ: ಸ್ವಲ್ಪ ಕಡಿಮೆ ಬರುತ್ತೆ, ಅದು ಹಾಗೇ ಇರೋದು ಅಮ್ಮ. ನಿನ್ನ ಕೈಬರಹದಲ್ಲಿ ಆ ಮಾತು, ಮಗಳೇ. ಸಾಲಿನಲ್ಲಿ ನಿಮ್ಮ ಹಡಗಿನ ಅಡುಗೆಯವನ ಅಮ್ಮ ಸಿಕ್ಕಳು, ಇಂಜಿನ್ನಿಗೆ ಎಣ್ಣೆ ಹಾಕುವವನ ಹೆಂಡತಿ ಸಿಕ್ಕಳು, ಅವರಿಗೂ ಮುರಿದಿದ್ದಾರೆ. ಇಬ್ಬರೂ ಕೂರಲು ತಯಾರು. ಕೊಡಲಿಯಕ್ಕನ ಬಸ್ಸು ಆ ಆಫೀಸಿನ ಎದುರಿಗೇ ನಿಲ್ಲುತ್ತದೆ. ಗೇಮಿನಲ್ಲಿ ನಿನ್ನನ್ನು ಕೇಳದೆ ಕೂತೆ. ಇದು ನಿನ್ನ ಅನ್ನ, ಕೇಳದೆ ಕೂರುವುದಿಲ್ಲ. ಹಡಗಿನವರ ಜೊತೆ ಮಾತಾಡಿ ‘ಕೂರು’ ಅಂತ ಒಂದೇ ಪದ ಬರೆದು ಹಾಕು. ‘ಬೇಡ’ ಅಂದರೂ ನೀನು ನನ್ನ ಮಗಳೇ. ಆ ಬಾಗಿಲು ಕಿರಿದು, ಅಳೆದು ನೋಡಿ ಬಂದಿದ್ದೇನೆ. ಅಲ್ಲಿ ನಮ್ಮೊಳಗಿಂದ ಯಾರೂ ಹೊಗೆಯ ಹಾಗೆ ತೂರಿ ಹೋಗಲಾರರು.