ಮದುವೆ ಕುದುರೆ ಮತ್ತು ನೀನು ಕೊಟ್ಟ ಟವೆಲ್

ಕೆಂಡಲ್ ಪಾರ್ಕ್, ಜೂನ್ 1999

ಅಣ್ಣನಿಗೆ ನಮಸ್ಕಾರ.

ಅಕ್ಕನ ಮಗನ ಮೆರವಣಿಗೆಯ ಕುದುರೆಗೆ ಬಾಡಿಗೆ ಐನೂರು ಡಾಲರ್, ಪಶುವೈದ್ಯನಿಗೆ ನೂರು, ಮೇಲೆ ನೀನು ಕೊಟ್ಟ ಟವೆಲ್. ಮುತ್ತಜ್ಜ ಬೆಳಗಾವಿ ಕ್ಯಾಂಪಿನ ಬ್ರಿಟಿಷ್ ದಂಡಿಗೆ ಹೇಸರಗತ್ತೆ ಮಾರುವಾಗ ಟವೆಲಿನಡಿ ಬೆರಳು ಹಿಡಿದೇ ದರ ಕುದುರಿಸುತ್ತಿದ್ದನಲ್ಲ? ನಾನೂ ಬೀಗರ ಮುಂದೆ, "ನಾಕನೂರಕ್ಕ ಇಳಸ್ತೀನಿ ನೋಡ್ರಿ" ಎಂದು ಮೀಸೆ ತಿರುವಿ, ಕುದುರೆ ಯಜಮಾನಿಯ ಕೈ ಮೇಲೆ ಟವೆಲ್ ಹಾಕಿ ನಾಲ್ಕು ಬೆರಳು ಒತ್ತಿದೆ. ಆಕೆ ಕೈ ಕುಲುಕಿ, "ನೈಸ್ ಟು ಮೀಟ್ ಯು ಟೂ" ಎಂದಳು.

"ಮಾಮಾ, ಆಕಿ ಕೈ ಬಿಡ್ರಿ!" ಎಂದು ಮದುಮಗ ಬಸವಕಿರಣ ಕೂಗುವಷ್ಟರಲ್ಲಿ ಕುದುರೆ ಅರ್ಧ ಟವೆಲ್ ನುಂಗಿತ್ತು. ಕುದುರೆ ಗಟ್ಟಿಯಾಗಿದೆ ಎಂದ ವೈದ್ಯ. ನನ್ನ ಶುಗರೂ ಹತೋಟಿಯಲ್ಲಿದೆ. ಈ ಪೋಸ್ಟ್‌ಕಾರ್ಡು ತುಂಬುತ್ತ ಬಂತು.

ಲಾಭ: ಹುಡುಗನಿಗೆ ಹೆಂಡತಿ, ಯಜಮಾನಿಗೆ ಐನೂರು, ವೈದ್ಯನಿಗೆ ನೂರು, ಕುದುರೆಗೆ ಟವೆಲ್, ಬೀಗರಿಗೆ ನಗಲಿಕ್ಕೆ ನಾನು.

ತಮ್ಮ ಗುರುಬಸು