ಸೇತುವೆಗೆ ಏನೂ ಆಗಿರಲಿಲ್ಲ

ಮಂಗಳವಾರ, ಬೆಳಿಗ್ಗೆ
ಕಿಟಕಿಯ ಬಳಿ

ನನ್ನ ಡ್ರೈವರಮ್ಮನಿಗೆ,

ನಿನ್ನ ಪತ್ರ ಮೂರು ದಿನದಿಂದ ನನ್ನ ದಿಂಬಿನ ಕೆಳಗಿದೆ. ಮೇಲ್ಸೇತುವೆಯ ನಡುವೆ ಎದೆ ಡವಗುಟ್ಟಿ, ಕೈ ಮರಗಟ್ಟಿ, ಬಸ್ಸು ನಿಲ್ಲಿಸಿಬಿಟ್ಟೆಯಂತೆ. ಹಿಂದಿನಿಂದ ಯಾರೋ "ಏನಮ್ಮಾ, ಇಲ್ಲೇ ಮನೆ ಕಟ್ಟಿಸ್ತೀಯಾ?" ಎಂದರಂತೆ. ಬ್ರೇಕ್ ಕೆಟ್ಟಿದೆ ಎಂದು ಡಿಪೋದಲ್ಲಿ ಬರೆದುಕೊಟ್ಟೆಯಂತೆ. ಮೆಕ್ಯಾನಿಕ್ ಇಡೀ ದಿನ ಬಸ್ಸಿನಡಿ ಮಲಗಿ ಹುಡುಕಿದರೂ ಏನೂ ಸಿಗಲಿಲ್ಲ. ತಿಂಗಳ ಕೊನೆಗೆ ಸ್ಟಿಯರಿಂಗ್ ಬಿಟ್ಟು ಪಾಸಿನ ಕೌಂಟರಿಗೆ ಹೋಗುತ್ತೇನೆ, ಅರ್ಜಿ ಬರೆದಿಟ್ಟಿದ್ದೇನೆ ಎನ್ನುತ್ತೀಯ. ಕೊಡುವ ಮೊದಲು ಇದನ್ನು ಓದು.

ನಾನು ಗ್ರಂಥಾಲಯದ ಕೆಲಸ ಬಿಟ್ಟ ಕಥೆ ನಿನಗೆ ಬಾಯಿಪಾಠ. ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕಿದ ಮೇಲಧಿಕಾರಿಯ ಮುಖಕ್ಕೆ ರಾಜೀನಾಮೆ ಎಸೆದು ಬಂದವಳು ನಿನ್ನಮ್ಮ. ಶಾಲೆಯಲ್ಲಿ ನೀನು ಅದನ್ನೇ ಭಾಷಣ ಮಾಡಿ ಬಹುಮಾನ ತಂದಿದ್ದೆ. ಪುಸ್ತಕಗಳು ರದ್ದಿಗೆ ಹೋದದ್ದು ನಿಜ; ಆ ಮನುಷ್ಯನನ್ನು ಇವತ್ತಿಗೂ ಕ್ಷಮಿಸಿಲ್ಲ. ಆದರೆ ಕೆಲಸ ಬಿಟ್ಟಿದ್ದು ಅದಕ್ಕಲ್ಲ ಕಣೇ. ರಾಜೀನಾಮೆಯನ್ನು ಎಸೆದೂ ಇಲ್ಲ, ಅಂಚೆಯಲ್ಲಿ ಕಳಿಸಿದೆ. ಗ್ರಂಥಾಲಯ ಇದ್ದದ್ದು ಹೊಳೆಯಾಚೆ. ನಡುವೆ ಕಾಲುಸೇತುವೆ.

ಒಂದು ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ, ಸೇತುವೆಗೆ ಆಚೆ ದಡವೇ ಇರಲಿಲ್ಲ. ಮುಂದೆ ಹೋಗುತ್ತಿದ್ದವರು ಒಬ್ಬೊಬ್ಬರಾಗಿ ಹಾಲಿಗಿಳಿದಂತೆ ಮಾಯವಾದರು. ಕಾಲಡಿಯ ಹಲಗೆ ತೂಗಿತು. ಉಸಿರು ಗಂಟಲಲ್ಲೇ ನಿಂತಿತು. ಸತ್ತೇ ಹೋದೆ ಅನ್ನಿಸಿತು. ಮನೆಗೆ ಓಡಿ ಬಂದೆ. ಬಾಗಿಲು ಹಾಕಿಕೊಂಡ ಕೂಡಲೇ ಎದೆ ಹಗುರಾಯಿತಲ್ಲ, ನನಗೆ ಮೋಸ ಮಾಡಿದ್ದು ಆ ಹಗುರವೇ. ಮರುದಿನ ಸೇತುವೆಯ ಬುಡದವರೆಗೂ ಹೋಗಲಾಗಲಿಲ್ಲ. ಅಂದಿನಿಂದ ಈ ದಡವೇ ನನ್ನ ಲೋಕ.

ಹೆದರಿದೆ ಎನ್ನಲು ನಾಚಿಕೆ, ಸಿಟ್ಟಿಗೆ ನಾಚಿಕೆಯಿಲ್ಲ. ಸೇತುವೆ ಅಲುಗಾಡುತ್ತಿದೆ ಎಂದು ನಗರಸಭೆಗೆ ಬರೆದೆ, ಪತ್ರಿಕೆಗೆ ಬರೆದೆ. ಇಂಜಿನಿಯರ್ ಮೂರು ಸಲ ಬಂದು ಅಳೆದ. ಮೂರನೇ ಸಲ ಮೆತ್ತಗೆ, "ಮೇಡಂ, ಸೇತುವೆ ಗಟ್ಟಿಯಾಗಿದೆ. ನಡುಗ್ತಿರೋದು ನೀವು. ಬನ್ನಿ, ಜೊತೆಗೆ ದಾಟೋಣ" ಎಂದ. ಅವನ ಮೇಲೂ ದೂರು ಕೊಟ್ಟೆ. ಹನ್ನೊಂದು ವರ್ಷದ ನನ್ನ ದೂರುಗಳಲ್ಲಿ ಅದೊಂದನ್ನು ವಾಪಸ್ ಪಡೆಯುವ ಆಸೆಯಿದೆ.

ಆತಂಕದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದ್ದರಿಂದ ಕಾಲು ಏಳಲಿಲ್ಲ. ನಿನ್ನ ಪತ್ರ ಬಂದ ದಿನ ಎದ್ದಿತು. ಸೇತುವೆಯ ಮೊದಲ ದೀಪದ ಕಂಬದವರೆಗೆ ಹೋದೆ. ಎದೆ ಹೊಡೆದುಕೊಂಡಿತು, ಆದರೆ ಓಡಲಿಲ್ಲ. ಉಸಿರನ್ನು ನಿಧಾನವಾಗಿ ಹೊರಬಿಡುತ್ತಾ, ಇದು ಹೆದರಿಕೆ, ಸಾವಲ್ಲ ಎಂದುಕೊಳ್ಳುತ್ತಾ ಕಂಬಿ ಹಿಡಿದು ನಿಂತೆ. ಅದು ಏರಿತು, ಇನ್ನೂ ಏರಿತು, ಆಮೇಲೆ ಅದಕ್ಕೇ ಸುಸ್ತಾಯಿತು. ಕೆಳಗೆ ನೀರು ಯಾರ ಗೊಡವೆಯೂ ಇಲ್ಲದೆ ಹರಿಯುತ್ತಿತ್ತು. ನಿನ್ನೆ ಅರ್ಧ ಸೇತುವೆ. ಮಂಜಿನೊಳಗೆ ನಿಂತಾಗ ಗೊತ್ತಾಯಿತು: ದೂರದಿಂದ ಗೋಡೆಯಂತೆ ಕಂಡದ್ದು, ಒಳಗೆ ಬರೀ ತೇವ.

ಜನರನ್ನು ಕೂರಿಸಿಕೊಂಡು ಸಾಹಸ ಮಾಡು ಎನ್ನುತ್ತಿಲ್ಲ. ಡಾಕ್ಟರನ್ನು ಕಾಣು. ನಿನಗೆ ಕಲಿಸಿದ ಹಿರಿಯ ಡ್ರೈವರನ್ನು ಪಕ್ಕಕ್ಕೆ ಕೂರಿಸಿಕೊಂಡು ಖಾಲಿ ಬಸ್ಸಿನಲ್ಲಿ ಮೇಲ್ಸೇತುವೆ ಹತ್ತು. ಬ್ರೇಕ್ ಸರಿಯಿತ್ತು ಎಂದು ಆ ಮೆಕ್ಯಾನಿಕ್‌ಗೆ ಹೇಳಿಬಿಡು, ಪಾಪ. ಆಮೇಲೂ ಕೌಂಟರೇ ಬೇಕೆನಿಸಿದರೆ ನಡೆದುಕೊಂಡು ಹೋಗು. ನನ್ನ ಹಾಗೆ ಓಡಿ ಹೋಗಬೇಡ.

ಇಂತಿ ನಿನ್ನ,
ಭಾಷಣದಲ್ಲಿದ್ದಷ್ಟು ಧೈರ್ಯವಿಲ್ಲದ
ಅಮ್ಮ

ಮರೆತಿದ್ದೆ: ಈ ದಡದ ಅಂಚೆ ಡಬ್ಬಿಯನ್ನು ಕಿತ್ತು ಒಂಬತ್ತು ವರ್ಷವಾಯಿತು (ಅದಕ್ಕೂ ಏಳು ದೂರು ಕೊಟ್ಟಿದ್ದೇನೆ). ಈಗಿರುವುದು ಸೇತುವೆಯಾಚೆಯ ಡಬ್ಬಿ ಮಾತ್ರ. ಇಷ್ಟು ದಿನ ನನ್ನ ಪತ್ರಗಳನ್ನು ಹಾಕಿ ಬರುತ್ತಿದ್ದವರು ಪಕ್ಕದ ಮನೆಯ ಟೈಲರ್. ಅವರ ಕೈಯಲ್ಲಿ ಲಕೋಟೆ ಇಸ್ತ್ರಿ ಮಾಡಿದ ಹಾಗೇ ಇರುತ್ತಿತ್ತು. ಇವತ್ತು ಅವರಿಗೆ ಬೇಡ ಎಂದಿದ್ದೇನೆ. ಲಕೋಟೆ ಮುದುಡಿ ಬಂದಿದ್ದರೆ ಅಂಚೆಯವರನ್ನು ಬೈಯಬೇಡ.